ಸಿಂದಗಿ ದವಾಖಾನೆಯಲ್ಲಿ ಮಾತು ಹೊತ್ತ ವರ್ಷಗಳು

ದವಾಖಾನೆ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ನನ್ನ ಹತ್ತಿರ ಬಂದಾಗ ಒಂದೇ ಮಾತು ಕೇಳುತ್ತಾರೆ: ರಕ್ತ ಕಂಡರೆ ಅಂಜಿಕೆ ಆಗುತ್ತಿರಲಿಲ್ಲವೇ? ಇಲ್ಲ. ರಕ್ತ ತೊಳೆದರೆ ಹೋಗುತ್ತದೆ. ನನಗೆ ಅಂಜಿಕೆ ಇದ್ದದ್ದು ಸಿಟ್ಟಿನದು. ವರ್ಷಗಟ್ಟಲೆ ಒಳಗೇ ಇಟ್ಟುಕೊಂಡ ಸಿಟ್ಟು ಮನುಷ್ಯರ ಮೈಯನ್ನು ಏನು ಮಾಡುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ಬರೆಯುತ್ತೇನೆ. ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ಸೊಟ್ಟಗಿದ್ದರೆ ಓದುವವರು ಕತ್ತು ಸೊಟ್ಟ ಮಾಡಿಕೊಂಡು ಓದಲಿ.

ಗಂಡ ತೀರಿದ ಮೇಲೆ ಇಂಡಿ ಊರಿನ ಸರಕಾರಿ ದವಾಖಾನೆಯಲ್ಲಿ ಆಯಾ ಆಗಿ ಸೇರಿದೆ. ಆಗಿನ್ನೂ ನಮ್ಮದು ಮುಂಬೈ ಸರಕಾರ. ಆಮೇಲೆ ಸಿಂದಗಿ, ಮುದ್ದೇಬಿಹಾಳ, ಕಡೆಗೆ ಬಸವನ ಬಾಗೇವಾಡಿ. ಊರು ಬದಲಾದರೂ ಕೆಲಸ ಅದೇ: ಕಸ ಹೊಡೆಯುವುದು, ಸ್ಟೋವ್ ಹಚ್ಚಿ ಸೂಜಿ ಕುದಿಸುವುದು, ಬಾಣಂತಿಯರ ಬಟ್ಟೆ ಒಗೆಯುವುದು, ಡಾಕ್ಟರಿಂದ ಬೈಸಿಕೊಳ್ಳುವುದು. ಈಗ ನೀವು ಸೂಜಿ ಚುಚ್ಚಿ ಬಿಸಾಕುತ್ತೀರಿ. ಆಗ ಒಂದು ಗಾಜಿನ ಪಿಚಕಾರಿ ಒಡೆದರೆ ಮನೆಯಲ್ಲಿ ಸಾವು ಆದಂತೆ ಎಲ್ಲರೂ ಮೋರೆ ಇಳಿಬಿಟ್ಟುಕೊಂಡು ಕೂಡುತ್ತಿದ್ದೆವು. ರೋಗಿಗಳು ಔಷಧಕ್ಕೆ ಮನೆಯಿಂದಲೇ ಬಾಟಲಿ ತರಬೇಕು. ಒಂದು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತಿಳಿಯಲು ಕಂಪೌಂಡರ್ ಅದಕ್ಕೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ. ಗುಳಿಗೆ, ಪುಡಿ ಎಲ್ಲವನ್ನೂ ಕಾಗದದಲ್ಲಿ ಮಡಿಚಿ ಕೊಡುತ್ತಿದ್ದ. ಒಬ್ಬೊಬ್ಬ ಕಂಪೌಂಡರನ ಮಡಿಕೆ ಒಂದೊಂದು ಬಗೆ, ಕೈಬರಹ ಇದ್ದಂತೆ.

ಇಂಡಿಯಲ್ಲಿದ್ದಾಗ ಸಾಲೋಟಗಿಯ ಒಬ್ಬ ರೈತ ಬರುತ್ತಿದ್ದ. ಎರಡೂ ಮೊಣಕೈಗೆ ಇಸಬು, ತುರಿಸುವ ಚರ್ಮರೋಗ. ಅವನಿಗೆ ಅಣ್ಣನ ಜೋಡಿ ಹೊಲದ ಗಡಿಯ ಜಗಳ, ಕೋರ್ಟಿಗೆ ಹೋಗಿತ್ತು. ತಾರೀಕು ಹತ್ತಿರ ಬಂದಂತೆ ಇಸಬು ಕೆಂಪಾಗಿ ಸೋರತೊಡಗುತ್ತಿತ್ತು. ಕೋರ್ಟು ಮುಗಿಸಿ ಅವನು ನೇರ ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದ. ಕಡೆಗೆ ಕೇಸು ಗೆದ್ದ. ಎಲ್ಲರಿಗೂ ಪೇಢೆ ಹಂಚಿದ.

"ಇನ್ನರೆ ಆರಾಮ ಆತಲ್ಲೋ ಕಾಕಾ?" ಎಂದೆ.

ಅವನು ಮೊಣಕೈ ಕೆರೆದುಕೊಳ್ಳುತ್ತ, "ಗೆದ್ದರೇನಾತು ಮಾಬೂಬಿ, ಅವ ಇನ್ನೂ ಬಾಜೂ ಹೊಲದಾಗ ಅದಾನಲ್ಲ!" ಎಂದ.

ಆಗ ನಕ್ಕಿದ್ದೆ. ಸಿಂದಗಿಗೆ ಹೋದ ಮೇಲೆ ನಗು ಬರಲಿಲ್ಲ.

ಸಿಂದಗಿಯಲ್ಲಿ ಸುಶೀಲಾಬಾಯಿ ಎಂಬ ನರ್ಸಬಾಯಿ ಇದ್ದಳು. ಗದಗಿನ ಕಡೆಯವಳು, ಒಂಟಿ ಜೀವ, ಬಿರುಸು ನಡಿಗೆ, ಅದಕ್ಕಿಂತ ಬಿರುಸು ನಾಲಿಗೆ. ಹೆರಿಗೆ ಮಾಡಿಸುವುದರಲ್ಲಿ ಮಾತ್ರ ಆಕೆಯ ಕೈ ಬೆಣ್ಣೆ. ಕಂಪೌಂಡರ್ ರಾಚಪ್ಪ ಸಿಂದಗಿಯ ಅಳಿಯ. ಅಚ್ಚುಕಟ್ಟು ಮನುಷ್ಯ, ಅಂಗಿಯ ಮೇಲೆ ಔಷಧದ ಒಂದು ಹನಿ ಬಿದ್ದದ್ದು ನಾನು ನೋಡಿಲ್ಲ. ಮೊದಲು ಇಬ್ಬರೂ ಚಲೋ ಇದ್ದರು. ಚಹಾ ಮಾಡಿದರೆ ಮೂರು ಕಪ್ಪು ಮಾಡುತ್ತಿದ್ದೆ.

ಒಂದು ಸಂತೆಯ ದಿನ ಮೋರಟಗಿಯಿಂದ ಚಕ್ಕಡಿಯಲ್ಲಿ ಒಬ್ಬ ಬಸುರಿ ಬಂದಳು. ಹೆರಿಗೆ ಆಯಿತು. ರಕ್ತ ಮಾತ್ರ ನಿಲ್ಲಲಿಲ್ಲ. ಡಾಕ್ಟರು ಊರಲ್ಲಿರಲಿಲ್ಲ. ರಕ್ತ ನಿಲ್ಲಿಸುವ ಸೂಜಿಮದ್ದು ರಾಚಪ್ಪನ ಕಪಾಟಿನಲ್ಲಿ. ಅವನು ಹೊರಗೆ ಹೋಗುವಾಗ ಕಪಾಟಿನ ಕೀಲಿಯನ್ನು ಬಾಗಿಲ ಹಿಂದಿನ ಗೂಟಕ್ಕೆ ಹಾಕಿ ಹೋಗಬೇಕು, ಅದು ನಮ್ಮ ದವಾಖಾನೆಯ ಕಟ್ಟಳೆ. "ಓಡು ಮಾಬೂಬಿ!" ಎಂದು ನರ್ಸಬಾಯಿ ಚೀರಿದಳು. ಓಡಿದೆ. ಗೂಟ ಬರಿದಾಗಿತ್ತು. ಕೆಳಗೆ ನೋಡಿದೆ, ಬಾಗಿಲ ಸಂದಿಯಲ್ಲಿ ಕೈ ಆಡಿಸಿದೆ. ಇಲ್ಲ. ಸೆರಗು ಕಟ್ಟಿಕೊಂಡು ಸಂತೆಗೆ ಓಡಿದೆ. ರಾಚಪ್ಪ ತನ್ನ ಮಾವನ ಜೋಡಿ ಎತ್ತಿನ ಹಲ್ಲು ನೋಡುತ್ತ ನಿಂತಿದ್ದ. ಸುದ್ದಿ ಕೇಳಿದವನೇ ನನಗಿಂತ ಮುಂದೆ ಓಡಿದ, ಅವನ ಹಿಂದೆ ಮಾವ. ನಾನು ಏದುಸಿರು ಬಿಡುತ್ತ ಬರುವುದರೊಳಗೆ ಕಪಾಟು ತೆರೆದಿತ್ತು, ಮದ್ದು ಒಳಗೆ ಹೋಗಿತ್ತು. ಅಲ್ಲಿಯ ತನಕ ನರ್ಸಬಾಯಿ ಆ ಹೆಂಗಸಿನ ಹೊಟ್ಟೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದು ಜೀವ ಉಳಿಸಿದ್ದಳು.

ಸೂಜಿ ಮಾಡಿ ಹೊರಗೆ ಬಂದವಳು ಪಡಸಾಲೆಯಲ್ಲಿ ನೆರೆದ ಮಂದಿಯ ಎದುರಿಗೆ, ಅವನ ಮಾವನ ಎದುರಿಗೆ, ರಕ್ತದ ಕೈ ಅವನ ಮುಖಕ್ಕೆ ತಿವಿದಳು.

"ಖೂನಿ ಮಾಡತಿದ್ದಿ ಇವತ್ತ! ಕೀಲಿ ಎಲ್ಲಿ ಇಟ್ಟಿದ್ದಿ?"

"ಗೂಟಕ್ಕ ಇತ್ತು. ಜಾರಿ ಕೆಳಗ ಬಿದ್ದಿತ್ತು. ಆಯಾಗ ಕಣ್ಣ ಕಾಣದಿದ್ರ ನಾ ಏನ ಮಾಡ್ಲಿ?" ಎಂದ ರಾಚಪ್ಪ.

ಬಾಣಂತಿ ಬದುಕಿದಳು, ಮಗು ಬದುಕಿತು, ಸಿಟ್ಟೂ ಬದುಕಿತು. ನಾನು ಗೂಟದ ಕೆಳಗೆ ನೋಡಿದ್ದೆ. ನೋಡಿದ್ದೆ ಎಂದು ಆಣೆ ಮಾಡಬಲ್ಲೆ. ಆದರೂ ಗಾಬರಿಯಲ್ಲಿ ಕಣ್ಣು ತಪ್ಪಿತೋ ಏನೋ ಎಂಬ ಹುಳ ತಲೆಗೆ ಹೊಕ್ಕಿತು. ಅಲ್ಲಿಂದ ಮುಂದೆ ಕಸ ಹೊಡೆಯುವಾಗಲೆಲ್ಲ ಆ ಗೂಟದ ಕೆಳಗೆ ಬಗ್ಗಿ ನೋಡುವುದು ಚಾಳಿಯಾಯಿತು.

ಇಬ್ಬರೂ ಮಾತು ಬಿಟ್ಟರು. ನಮ್ಮ ದವಾಖಾನೆ ಎಂದರೆ ನಾಲ್ಕು ಕೋಣೆ, ಒಂದು ಪಡಸಾಲೆ. ಆಕೆ ಚೀಟಿ ಬರೆದು ಕಳಿಸಿದರೆ ಇವನು ಓದದೆ ಹರಿದು ಎಸೆದ. ಅಲ್ಲಿಗೆ ಚೀಟಿಯೂ ನಿಂತಿತು. ಔಷಧದ ಹೆಸರು, ಅಳತೆ, ಜಗಳ, ಎಲ್ಲ ನನ್ನ ಬಾಯಿಯ ಮೇಲೆ ಬಂತು.

"ಮಾಬೂಬಿ, ಹತ್ತಿ ಮುಗದೈತಿ ಅಂತ ಆ ಕಲ್ಲಗುಂಡಿಗೆ ಹೇಳು."

ನಾನು ಔಷಧದ ಕೋಣೆಯ ಬಾಗಿಲಿಗೆ ಹೋಗಿ, "ಬಾಯಾರಿಗೆ ಹತ್ತಿ ಬೇಕಂತ್ರಿ" ಎನ್ನುತ್ತಿದ್ದೆ.

"ಯಾಕ, ಆಕಿ ಅಪ್ಪ ಇಲ್ಲೆ ಹತ್ತಿ ಹೊಲಾ ಬಿತ್ತಿ ಹೋಗ್ಯಾನೇನು? ನಾಳಿ ಸಿಗತೈತಿ ಅಂತ ಹೇಳು."

ಹಿಂದಕ್ಕೆ ಬಂದು, "ನಾಳಿ ಕೊಡ್ತಾರಂತ್ರಿ ಬಾಯಾರ."

"ಇಷ್ಟ ಅಂದನೇನು?"

"ಇಷ್ಟ ಅಂದ್ರು ರೀ."

"ಸುಳ್ಳ ಬೊಗಳಬ್ಯಾಡ. ನಮ್ಮಪ್ಪನ ಹೊಲದ ಸುದ್ದಿ ಇಲ್ಲೀ ತನಕ ಕೇಳಿಸೇತಿ."

ಕೇಳಿಸದೆ ಏನು, ಗೋಡೆಯೇನು ಕೋಟೆಯದೇ? ಹೀಗೆ ಬೈಗುಳ ಸೋಸಿ ಮಾತು ಮುಟ್ಟಿಸುವುದೇ ನನ್ನ ನೌಕರಿಯಾಯಿತು. ನಗಬೇಡಿ. ಮೂರನೇ ಇಯತ್ತೆಯವಳ ಬಾಯಲ್ಲಿ ಇಂಗ್ಲಿಷ್ ಔಷಧದ ಹೆಸರು. ಪಡಸಾಲೆ ದಾಟುವಾಗ ಅದನ್ನೇ ಪಿಸಿಪಿಸಿ ಹೇಳಿಕೊಳ್ಳುತ್ತ ಹೋಗುತ್ತಿದ್ದೆ. ಯಾರಾದರೂ ನಡುವೆ "ಆರಾಮೇನಬೇ?" ಎಂದರೆ ಎದೆ ಝಲ್ ಎನ್ನುತ್ತಿತ್ತು. ಒಂದು ಹೆಸರು ತಪ್ಪಿದರೆ ಒಂದು ಹೆಣ.

ಹೆಣ ಬೀಳಲಿಲ್ಲ, ಕೈ ಸುಟ್ಟಿತು. ಹೆರಿಗೆಗೆ ಮುಂಚೆ ಕೈ ತೊಳೆಯಲು ಲೈಸಾಲಿಗೆ ನೀರು ಬೆರೆಸಿ ಕೊಡುವುದು ಕಂಪೌಂಡರನ ಕೆಲಸ. ಒಮ್ಮೆ ಬಹಳ ಗಟ್ಟಿ ಲೈಸಾಲ್ ಬಂದಿತ್ತು. ರಾಚಪ್ಪ ನೀರು ಬೆರೆಸದೆ ಹಾಗೇ ಒಳಗೆ ಇಡಿಸಿದ. ನನಗೂ ಹೇಳಲಿಲ್ಲ. ನರ್ಸ್ ಅಂದ ಮೇಲೆ ಆಕೆಗೆ ತಿಳಿಯಬೇಕು ಅಂದುಕೊಂಡನಂತೆ. ನರ್ಸಬಾಯಿ ಎಂದಿನಂತೆ ಕೈ ಅದ್ದಿದಳು. ಮಣಿಕಟ್ಟಿನ ತನಕ ಚರ್ಮ ಬೆಳ್ಳಗಾಗಿ ಸುಲಿಯಿತು. ಆಕೆ ಚೀರಲಿಲ್ಲ. ಚೀರಿದ್ದರೆ ನನಗೆ ಅಷ್ಟು ಅಂಜಿಕೆ ಆಗುತ್ತಿರಲಿಲ್ಲ. ಅವನ ಬಾಗಿಲನ್ನೇ ದುರುಗುಟ್ಟಿ ನೋಡುತ್ತ ನಿಂತಳು. ಹಣೆಯ ಬದಿಗೆ, ಕಣತಲೆಯ ಮೇಲೆ ಒಂದು ನರ ಎರೆಹುಳದ ಹಾಗೆ ಎದ್ದು ಕುಣಿಯುತ್ತಿತ್ತು. ಆ ನರ ಆಮೇಲೆ ಪೂರಾ ಇಳಿದದ್ದೇ ಇಲ್ಲ.

ತಲೆನೋವು ಶುರುವಾಯಿತು. ನಸುಕಿನಲ್ಲಿ ಹಿಂದಲೆ ಹಿಡಿದುಕೊಂಡು ಏಳುವಳು. ಕಣ್ಣು ಮಂಜಾಗುವುದು. ಇತ್ತ ರಾಚಪ್ಪನ ಹೊಟ್ಟೆಯೂ ಸುಮ್ಮನಿರಲಿಲ್ಲ. ಪಡಸಾಲೆಯಲ್ಲಿ ಆಕೆಯ ಚಪ್ಪಲಿ ಸಪ್ಪಳವಾದರೆ ಹೊಟ್ಟೆ ಅಮುಕಿ ಹಿಡಿದು, ಸೋಡಾಪುಡಿ ಬಾಯಿಗೆ ಹಾಕಿಕೊಳ್ಳುವನು. ಹೊಟ್ಟೆಹುಣ್ಣು. ಈಗಿನವರು ಅದಕ್ಕೆ ಒಂದು ಹುಳು ಕಾರಣ ಎನ್ನುತ್ತಾರೆ. ಇರಲಿ. ಆ ಹುಳು ಚಪ್ಪಲಿ ಸಪ್ಪಳ ಕೇಳಿದಾಗಲೇ ಯಾಕೆ ಕಚ್ಚುತ್ತಿತ್ತು ಎಂಬುದನ್ನೂ ಅವರು ಹೇಳಲಿ.

ಅಷ್ಟರಲ್ಲಿ ಹೊಸ ಡಾಕ್ಟರು ಬಂದರು. ಧಾರವಾಡದವರು, ಎಳೆ ವಯಸ್ಸು, ತಾಳ್ಮೆಯ ಮನುಷ್ಯ. ಅವರ ಜೋಡಿ ರಕ್ತದ ಒತ್ತಡ ಅಳೆಯುವ ಯಂತ್ರವೂ ಬಂತು. ನರ್ಸಬಾಯಿಯ ತೋಳಿಗೆ ಪಟ್ಟಿ ಕಟ್ಟಿ ಗಾಳಿ ಹೊಡೆದರು. ಅವರ ಮೋರೆ ಬಿಳುಚಿತು. ಮತ್ತೊಮ್ಮೆ ಹೊಡೆದರು. ಅದೇ ಹೊತ್ತಿಗೆ ಹೊರಗೆ ರಾಚಪ್ಪ ಕೆಮ್ಮಿದ. ಡಾಕ್ಟರು ಪಾದರಸವನ್ನೇ ನೋಡುತ್ತ, "ಅವರು ಕೆಮ್ಮಿದರೆ ಇದು ಜಿಗೀತದಲ್ಲ ಬಾಯಾರ!" ಎಂದರು.

ಆಕೆಯನ್ನು ಕಳಿಸಿ ನನ್ನನ್ನು ಕರೆದರು. "ಮಾಬೂಬಿ, ಸಿಟ್ಟಿನಿಂದಲೇ ಈ ರೋಗ ಬಂತು ಅಂತ ನಾ ಹೇಳೂದಿಲ್ಲ. ಅವರ ತಾಯಿಗೂ ಇತ್ತಂತ. ಆದ್ರ ಸಿಟ್ಟು ಇದನ್ನ ಇಳಿಯಾಕ ಬಿಡವಲ್ದು. ಹಿಂಗ ನಡೆದ್ರ ಮಿದುಳಿನ ನರ ಒಡೀತದ. ಲಕ್ವಾ ಹೊಡೀತದ, ಇಲ್ಲ ಜೀವ ಹೋಗ್ತದ."

ಅಂದಿನಿಂದ ನಾನು ಆಕೆಯ ಕಣತಲೆ ನೋಡದೆ ಮಾತು ಹೊತ್ತದ್ದಿಲ್ಲ.

ಡಾಕ್ಟರು ಇಬ್ಬರನ್ನೂ ಒಮ್ಮೆ ತಮ್ಮ ಕೋಣೆಗೆ ಕರೆಸಿ ಕೂಡಿಸಿದರು. "ಇಬ್ರೂ ಮಾತಾಡ್ರಿ" ಎಂದರು. ಇಬ್ಬರೂ ತಿರುಗಿ ನನ್ನನ್ನು ನೋಡಿದರು.

"ಮಾಬೂಬಿ, ಅವತ್ತ ಕೀಲಿ ಎಲ್ಲಿತ್ತು ಅಂತ ಮೊದಲ ಹೇಳಂತ ಹೇಳು" ಎಂದಳು ನರ್ಸಬಾಯಿ.

"ಗೂಟಕ್ಕಿತ್ತು ಅಂತ ಹೇಳು ಮಾಬೂಬಿ" ಎಂದ ರಾಚಪ್ಪ.

"ನಾ ಇಲ್ಲೇ ಅದೇನಲ್ರಿ, ನನಗೂ ಕೇಳಿಸ್ತದ!" ಎಂದು ಡಾಕ್ಟರು ಹಣೆ ಬಡಿದುಕೊಂಡರು. ಆ ಪಂಚಾಯಿತಿ ಅಲ್ಲಿಗೆ ಮುಗಿಯಿತು.

ಆಗ ಒತ್ತಡಕ್ಕೆ ಇದ್ದದ್ದು ಸರ್ಪಗಂಧಿಯ ಗುಳಿಗೆ. ಡಾಕ್ಟರು ವಿಜಾಪುರದಿಂದ ತರಿಸಿದರು. ತರಿಸಿದ ಔಷಧ ಎಲ್ಲಿರಬೇಕು? ರಾಚಪ್ಪನ ಕಪಾಟಿನಲ್ಲಿ. ನರ್ಸಬಾಯಿ ಖಡಾಖಂಡಿತ ಹೇಳಿಬಿಟ್ಟಳು: "ಅವನ ಕೈ ಹತ್ತಿದ ಗುಳಿಗಿ ನುಂಗೂದ್ಕಿಂತ ಸಾಯೂದ ಚಲೋ. ಲೈಸಾಲದಾಗ ಕೈ ಸುಟ್ಟಾವ, ಗುಳಿಗ್ಯಾಗ ಏನ ಹಾಕ್ಯಾನಂತ ಯಾರ ಬಲ್ಲರು?"

ಅದಕ್ಕೆ ಡಾಕ್ಟರು ಒಂದು ಉಪಾಯ ಮಾಡಿದರು. ತಮ್ಮ ಮೇಜಿನ ಮೇಲೆ ಒಂದು ಸಣ್ಣ ಬಾಟಲಿ ಇಟ್ಟರು. ಅದರಿಂದ ತಾವೇ ತೆಗೆದು ಆಕೆಯ ಅಂಗೈಗೆ ಗುಳಿಗೆ ಹಾಕುತ್ತಿದ್ದರು. ಬಾಟಲಿ ಬರಿದಾದಾಗ ನಾನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ರಾಚಪ್ಪನ ಹತ್ತಿರ ಒಯ್ಯುತ್ತಿದ್ದೆ. ಮೊದಲ ಸಲ ಒಯ್ದಾಗ ಅವನು ಏನಾದರೂ ತಕರಾರು ತೆಗೆಯುತ್ತಾನೆ ಎಂದು ಹೆದರಿದ್ದೆ. ಅವನು ಬಾಟಲಿಯನ್ನು ಬಿಸಿನೀರಲ್ಲಿ ತೊಳೆದು, ಒರೆಸಿ ಒಣಗಿಸಿ, ಗುಳಿಗೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ತುಂಬಿದ. ಒಡೆದ ಗುಳಿಗೆ ಬಂದರೆ ಬದಿಗಿಟ್ಟ.

"ನನ್ನ ಹೆಸರ ಎತ್ತಬ್ಯಾಡ" ಎಂದ. ಅಷ್ಟೇ.

ನರ್ಸಬಾಯಿಯ ತಲೆನೋವು ಇಳಿಯಿತು. ಯಂತ್ರದ ಪಾದರಸವೂ ಇಳಿಯಿತು. ನಾನು ಊಟ ರುಚಿ ಹತ್ತಿ ಉಂಡದ್ದು ಆ ಕೆಲವು ತಿಂಗಳು.

ಬೇಸಿಗೆಯಲ್ಲಿ ಡಾಕ್ಟರಿಗೆ ಹಳ್ಳಿಗಳ ಮೇಲೆ ಸಿಡುಬಿನ ಕೆಲಸ ಬಿತ್ತು. ಹೋಗುವಾಗ ಬಾಟಲಿಯನ್ನು ನನ್ನ ವಶಕ್ಕೆ ಕೊಟ್ಟು, "ನೀನೇ ಕೊಡು, ತಪ್ಪಿಸಬ್ಯಾಡ" ಎಂದರು. ಬರಿದಾದಾಗ ಎಂದಿನಂತೆ ರಾಚಪ್ಪನ ಹತ್ತಿರ ಇಟ್ಟೆ. ಅವನು ತೊಳೆಯುವಾಗ ಹೊಟ್ಟೆ ಹಿಡಿದುಕೊಂಡಿತು, ಬಾಟಲಿ ಕೈಜಾರಿ ಒಡೆಯಿತು. ಅವನು ಬಗ್ಗಿಕೊಂಡೇ ಒಂದು ಕಾಗದ ಹರಿದು, ಗುಳಿಗೆ ಹಾಕಿ, ಮಡಿಚಿ ಕೊಟ್ಟ. ಕೈಗೆ ರೂಢಿಯಾದ ಕೆಲಸ, ಅವನೂ ವಿಚಾರ ಮಾಡಲಿಲ್ಲ, ನಾನೂ ಮಾಡಲಿಲ್ಲ. ರಾಚಪ್ಪನ ಮಡಿಕೆಯಲ್ಲಿ ಒಂದು ಮೂಲೆ ಒಳಗೆ ಸಿಕ್ಕಿಸಿರುತ್ತಿತ್ತು, ಇನ್ನೊಂದು ಮೊಲದ ಕಿವಿಯ ಹಾಗೆ ಮೇಲಕ್ಕೆ ನಿಂತಿರುತ್ತಿತ್ತು. ಸಿಂದಗಿ ತಾಲೂಕಿನ ಯಾವ ಮನೆಯ ಗೋಡೆಯ ಮಾಡದಲ್ಲಿ ಆ ಪೊಟ್ಟಣ ಇದ್ದರೂ ಯಾರದೆಂದು ಹೇಳಬಹುದಿತ್ತು.

ನರ್ಸಬಾಯಿ ಪೊಟ್ಟಣ ಕೈಗೆ ತೆಗೆದುಕೊಂಡಳು. ಬಿಚ್ಚಲಿಲ್ಲ. ಆ ಕಿವಿಯನ್ನು ಬೆರಳಿಂದ ಸವರಿದಳು.

"ಎಂದಿನಿಂದ?"

ನಾನು ಸ್ಟೋವಿಗೆ ಗಾಳಿ ಹೊಡೆಯತೊಡಗಿದೆ.

"ಮಾಬೂಬಿ, ಎಂದಿನಿಂದ ಅವನ ಗುಳಿಗಿ ನುಂಗಸಾಕತ್ತೀರಿ ನನಗ?"

"ಆರಾಮ ಆಗೇತಲ್ರಿ ಬಾಯಾರ. ಗುಳಿಗಿ ಸರಕಾರದ್ದು. ಅವರ ಮನ್ಯಾಗೇನ ಕುಟ್ಟ್ಯಾರೇನ್ರಿ?"

ಆಕೆ ಪೊಟ್ಟಣವನ್ನು ಸ್ಟೋವಿನ ಉರಿಗೆ ಹಿಡಿದಳು. ಕಾಗದ ಉರಿಯುವುದನ್ನು ನೋಡುತ್ತ, "ಈ ಸಿಟ್ಟ ಒಂದ ನನ್ನ ನಡಸೂದು. ಅದನ್ನೂ ಕಸಗೊಂಡ್ರ ನನ್ನ ಹಂತೇಲಿ ಏನ ಉಳೀತೈತಿ?" ಎಂದಳು. ಕಣತಲೆಯ ನರ ಮತ್ತೆ ಎದ್ದಿತ್ತು.

ಡಾಕ್ಟರಿಗೆ ಸುದ್ದಿ ಮುಟ್ಟಿಸಲು ಹಳ್ಳಿಯ ಕಡೆ ಹೊರಟವರಿಗೆಲ್ಲ ಹೇಳಿ ಕಳಿಸಿದೆ. ಅವರು ಇವತ್ತು ಈ ಊರು, ನಾಳೆ ಆ ಊರು. ನಾನು ನೀರು ತರಲು ಹೋದರೂ ಓಡುತ್ತ ಹೋಗಿ ಓಡುತ್ತ ಬರುತ್ತಿದ್ದೆ. ಆಕೆ ಒಂದು ಗಳಿಗೆ ಸುಮ್ಮನೆ ಕೂತರೆ ಹೋಗಿ ಮುಟ್ಟಿ ನೋಡುತ್ತಿದ್ದೆ. "ಸತ್ತಿಲ್ಲ ಹೋಗ" ಎನ್ನುತ್ತಿದ್ದಳು. ರಾಚಪ್ಪ ದಿನಾ ಮುಂಜಾನೆ, "ನುಂಗಿದಳೇನು?" ಎಂದು ಕಣ್ಣಲ್ಲೇ ಕೇಳುತ್ತಿದ್ದ. ನಾನು ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದೆ. ಅವನು ಸೋಡಾಪುಡಿಯ ಡಬ್ಬಿಗೆ ಕೈ ಹಾಕುತ್ತಿದ್ದ.

ಒಂದು ಸಂತೆಯ ದಿನವೇ ಅದು ಆಯಿತು. ಪಡಸಾಲೆ ತುಂಬ ಮಂದಿ. ನರ್ಸಬಾಯಿ ಹೆರಿಗೆ ಕೋಣೆಯಲ್ಲಿ ಇಕ್ಕಳದಿಂದ ಪಿಚಕಾರಿ ಎತ್ತುತ್ತಿದ್ದಳು. ಇಕ್ಕಳ ಬಿತ್ತು. ಬಿದ್ದ ಇಕ್ಕಳವನ್ನು ತನ್ನದಲ್ಲ ಎಂಬಂತೆ ನೋಡಿದಳು. ಬಾಯಿ ಒಂದು ಕಡೆ ಜಗ್ಗಿತು. ನಾನು ಹಿಡಿಯುವುದರೊಳಗೆ ಬಲಮಗ್ಗುಲಿಗೆ ಕುಸಿದಳು. "ಯಾ ಅಲ್ಲಾ!" ಎಂದು ಚೀರಿದೆ. ಎಲ್ಲರಿಗಿಂತ ಮೊದಲು ಒಳಗೆ ಬಂದವನು ರಾಚಪ್ಪ. ಹೆರಿಗೆ ಕೋಣೆಯ ಹೊಸ್ತಿಲನ್ನು ಅವನು ಆ ಜಗಳದ ದಿನದಿಂದ ತುಳಿದಿರಲಿಲ್ಲ. ಆಕೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಾಯಿಂದ ಸುರಿಯುವ ಜೊಲ್ಲನ್ನು ತನ್ನ ಅಂಗಿಯ ತೋಳಿನಿಂದ ಒರೆಸುತ್ತಿದ್ದ. ಒಂದು ಹನಿ ಕಲೆ ಇಲ್ಲದ ಅಂಗಿ ಅದು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಕಥೆ ಸುಖವಾಗಿ ಮುಗಿಯಲಿ ಎಂದು ಕಾಯುವವರು ಇರುತ್ತಾರೆ. ನರ್ಸಬಾಯಿ ಸಾಯಲಿಲ್ಲ. ಬಲಗೈ ಮಾತ್ರ ಮತ್ತೆ ಬರಲಿಲ್ಲ, ಆ ಬೆಣ್ಣೆಯಂಥ ಕೈ. ಗದಗಿಗೆ ತಂಗಿಯ ಮನೆಗೆ ಹೋದಳು. ರಾಚಪ್ಪ ಮಿರಜಿಗೆ ಹೋಗಿ ಹೊಟ್ಟೆ ಕೊಯ್ಸಿಕೊಂಡು ಬಂದ, ಆಮೇಲೂ ಅನ್ನ-ಹಾಲಿನ ಮೇಲೇ ದಿನ ತೆಗೆದ. ಹೋದ ನರ ಒಳ್ಳೆಯ ಮಾತಿನಿಂದ ತಿರುಗಿ ಬರುವುದಿಲ್ಲ. ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಇದು ಆಕೆ ಗದಗಿಗೆ ಹೋಗುವ ಮುಂಚಿನ ಮಾತು: ಆಕೆಗೆ ಎಚ್ಚರ ಬಂದ ಮೇಲೆ, ಹಳ್ಳಿಯಿಂದ ಮರಳಿದ ಡಾಕ್ಟರು ಮತ್ತೆ ಗುಳಿಗೆ ಬರೆದರು. ರಾಚಪ್ಪ ಪೊಟ್ಟಣ ಹಿಡಿದು ತಾನೇ ಬಂದ. ಕಿವಿ ನಿಂತ ಪೊಟ್ಟಣ. ಮುಚ್ಚುಮರೆ ಮಾಡಲಿಲ್ಲ. ನರ್ಸಬಾಯಿ ಅದನ್ನು ನೋಡಿ ಎಡಕ್ಕೆ ಮುಖ ತಿರುಗಿಸಿದಳು. ಏನೋ ಅಂದಳು. ನಾಲಿಗೆ ದಪ್ಪಗಾಗಿ ಮಾತು ಗೊಗ್ಗರಾಗಿತ್ತು.

ರಾಚಪ್ಪ ರೂಢಿಯಂತೆ ನನ್ನ ಕಡೆ ತಿರುಗಿ, "ಏನಂದ್ಳ ಮಾಬೂಬಿ?" ಎಂದ.

ನನಗೆ ಎಲ್ಲಿತ್ತೋ ಸಿಟ್ಟು. "ಮೂಗಿನ ಮುಂದ ಅದಾರ. ನೀವ ಕೇಳ್ರಿ. ಇನ್ನ ಮ್ಯಾಲೆ ನಾ ಒಂದ ಮಾತೂ ಹೊರೂದಿಲ್ಲ" ಎಂದೆ.

ಅವನು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು, ತೊದಲುತ್ತ ಕೇಳಿದ.

"ಬಾಯಾರ... ಏನಂದ್ರಿ?"

ಆಕೆ ಅವನನ್ನೇ ನೋಡಿದಳು. ಸೊಟ್ಟ ಬಾಯಿಂದ, ಒಂದೊಂದೇ ಅಕ್ಷರ ಹೊರಗೆ ದಬ್ಬಿದಳು.

"ಕೀ...ಲಿ."

ರಾಚಪ್ಪ ಪೊಟ್ಟಣದ ಕಿವಿಯನ್ನು ತಿರುವುತ್ತ ಕೂತ. ಅದು ಕಿತ್ತು ಕೈಗೆ ಬಂತು.

"ನನ್ನ ಕಿಸೆದಾಗ ಇತ್ರಿ" ಎಂದ. "ಸಂತಿ ಗಡಿಬಿಡ್ಯಾಗ ಗೂಟಕ್ಕ ಹಾಕೂದು ಮರತಿದ್ದೆ. ಮಾವನ ಮುಂದ ಹೇಳೂ ಧೈರ್ಯ ಬರಲಿಲ್ರಿ. ಆಮ್ಯಾಲೆ ಹೇಳ್ಲಿಕ್ಕೆ ಹ್ವಾದಂಗೆಲ್ಲ ಹೊಟ್ಟಿ ಹಿಡೀತಿತ್ತು."

ಆಕೆ ಎಡಗೈ ಚಾಚಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಗುಳಿಗೆ ತೆಗೆದು ತಾನೇ ಬಾಯಿಗೆ ಹಾಕಿಕೊಂಡಳು. ನೀರು ಅರ್ಧ ಒಳಗೆ ಹೋಯಿತು, ಅರ್ಧ ಗದ್ದದ ಮೇಲೆ ಇಳಿಯಿತು.

ನನಗೆ ಕೊರಳಿನ ತನಕ ಉರಿ ಏರಿತ್ತು. ಅವನಿಗೆ ನಾಲ್ಕು ಮಾತು ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಕಣತಲೆಯೂ ಡಬಡಬ ಬಡಿಯುವುದು ಗೊತ್ತಾಯಿತು. ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ. ಪೊರಕೆ ಹಿಡಿದು ಔಷಧದ ಕೋಣೆಯ ಕಸ ಹೊಡೆದೆ. ಬಾಗಿಲ ಹಿಂದೆ ಆ ಗೂಟಕ್ಕೆ ಕೀಲಿ ತೂಗುತ್ತಿತ್ತು. ಆವತ್ತು ಅದರ ಕೆಳಗೆ ಬಗ್ಗಿ ನೋಡಲಿಲ್ಲ.